ಅದಿರು ಲಾರಿಗಳ ದಾರಿಯಲ್ಲಿ ಕ್ಯಾಂಪರ್ ವ್ಯಾನ್: ಚಾಲನಾ ತರಬೇತುದಾರರೊಂದಿಗೆ ನಮ್ಮ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ (ಕೊಪ್ಪಳದ ಸದಸ್ಯರು): ಗುರುಗಳೇ, ನಮಸ್ಕಾರ. ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಎಲ್ಲವನ್ನೂ ಕೂಡಿಸಿ ಕ್ಯಾಂಪರ್ ವ್ಯಾನ್ ಮಾಡಿಸಿದ ಟೆಂಪೋ ಟ್ರಾವೆಲರ್ ಒಂದನ್ನು ಈಚೆಗೆ ಕೊಂಡಿದ್ದೇವೆ. ನಾನು ಇದುವರೆಗೆ ಕಾರು ಮಾತ್ರ ಓಡಿಸಿದವನು. ಮುಂದಿನ ತಿಂಗಳು ಮನೆಮಂದಿಯೊಂದಿಗೆ ಗಿಣಿಗೇರಿ, ಹೊಸಪೇಟೆ, ತೋರಣಗಲ್ಲು ಮಾರ್ಗವಾಗಿ ಬಳ್ಳಾರಿಗೆ ಹೋಗಿ, ಮರಳುವಾಗ ಸಂಡೂರು ನೋಡಿಕೊಂಡು ಬರುವ ಯೋಚನೆಯಿದೆ. ದಾರಿಯುದ್ದಕ್ಕೂ ಅದಿರು ಮತ್ತು ಉಕ್ಕು ಹೊತ್ತ ಲಾರಿಗಳದೇ ಸಾಲು. ಅವುಗಳ ಹಿಂದೆ ಎಷ್ಟು ಅಂತರ ಬಿಡಬೇಕು ಮತ್ತು ಯಾವ ಸಂದರ್ಭದಲ್ಲಿ ಓವರ್‌ಟೇಕ್ ಮಾಡಬಹುದು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ಬಳ್ಳಾರಿಯ ಭಾರಿ ವಾಹನ ಚಾಲನಾ ತರಬೇತುದಾರರು): ನಮಸ್ಕಾರ ಸರ್. ಕಾರಿನಿಂದ ಇಂಥ ವ್ಯಾನಿಗೆ ಬಂದವರಿಗೆ ಮೊದಲು ಮೋಸ ಮಾಡುವುದು ಸೀಟಿನ ಎತ್ತರ. ಎತ್ತರದಲ್ಲಿ ಕುಳಿತಾಗ ವೇಗ ಕಡಿಮೆಯಿದ್ದಂತೆ ಅನಿಸುತ್ತದೆ, ರಸ್ತೆಯೆಲ್ಲ ಕಾಣುತ್ತಿದೆ ಎಂಬ ಧೈರ್ಯವೂ ಬರುತ್ತದೆ. ಆದರೆ ನಿಮ್ಮ ಬೆನ್ನಿಗೆ ಈಗ ಹಾಸಿಗೆ, ಸಿಲಿಂಡರ್, ನೀರು ಮತ್ತು ಮನೆಮಂದಿ ಸೇರಿ ನಾಲ್ಕು ಟನ್ನಿನ ಆಸುಪಾಸು ತೂಕವಿದೆ, ಕಾರು ನಿಂತ ಜಾಗದಲ್ಲಿ ಇದು ನಿಲ್ಲುವುದಿಲ್ಲ.

ಅಂತರವನ್ನು ಮೀಟರಿನಲ್ಲಿ ಅಂದಾಜು ಮಾಡಲು ಹೋಗಬೇಡಿ, ಕಣ್ಣಳತೆ ಓಡುವ ಗಾಡಿಯಲ್ಲಿ ಕೆಲಸಕ್ಕೆ ಬಾರದು. ಮುಂದಿನ ಲಾರಿಯ ಹಿಂಭಾಗವು ರಸ್ತೆಬದಿಯ ಬೇವಿನ ಮರವನ್ನೋ ಕಿಲೋಮೀಟರ್ ಕಲ್ಲನ್ನೋ ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಲು ಆರಂಭಿಸಿ. ‘ಸಾವಿರದ ನಾಲ್ಕು’ ಮುಗಿಯುವ ಮೊದಲೇ ಅದೇ ಮರ ನಿಮ್ಮ ಬಾನೆಟ್ಟಿಗೆ ಬಂದರೆ ನೀವು ಹತ್ತಿರವಿದ್ದೀರಿ ಎಂದರ್ಥ. ಕಾರಿಗೆ ಮೂರು ಸೆಕೆಂಡು ಸಾಕೆನ್ನುತ್ತಾರೆ, ತುಂಬಿದ ವ್ಯಾನಿಗೆ ನಾನು ನಾಲ್ಕು ಹೇಳುತ್ತೇನೆ, ಮಳೆಯಲ್ಲಿ ಆರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಎಂದರೆ ಸುಮಾರು 67 ಮೀಟರ್. ಈ ಜಾಗದಲ್ಲಿ ಬೈಕೋ ಕಾರೋ ಬಂದು ತೂರಿಕೊಳ್ಳುವುದು ಖಂಡಿತ. ತೂರಿಕೊಳ್ಳಲಿ ಬಿಡಿ, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ ಮತ್ತೆ ಎಣಿಸಿಕೊಳ್ಳಿ.

ಓವರ್‌ಟೇಕ್ ವಿಷಯಕ್ಕೆ ಒಂದು ಲೆಕ್ಕವನ್ನೇ ಮಾಡೋಣ. ದ್ವಿಪಥ ರಸ್ತೆಯಲ್ಲಿ 50 ಕಿ.ಮೀ. ವೇಗದ ಟ್ರೇಲರನ್ನು ನೀವು 70ರಲ್ಲಿ ದಾಟುತ್ತೀರಿ ಎಂದಿಟ್ಟುಕೊಳ್ಳಿ. ಟ್ರೇಲರಿನ ಉದ್ದ ಸುಮಾರು 16 ಮೀಟರ್, ನಿಮ್ಮ ವ್ಯಾನಿನದು 7 ಮೀಟರ್, ಹಿಂದೆ ಮುಂದೆ ಬಿಡಬೇಕಾದ ಜಾಗ ತಲಾ 30 ಮೀಟರ್ ಸೇರಿಸಿದರೆ, ನೀವು ಟ್ರೇಲರಿಗಿಂತ ಹೆಚ್ಚಾಗಿ ಕ್ರಮಿಸಬೇಕಾದ ದೂರ 83 ಮೀಟರ್ ಆಗುತ್ತದೆ. ವೇಗದ ವ್ಯತ್ಯಾಸ ಗಂಟೆಗೆ 20 ಕಿ.ಮೀ. ಮಾತ್ರವಾದ್ದರಿಂದ ಇದಕ್ಕೆ 15 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 290 ಮೀಟರ್ ಹೋಗಿರುತ್ತೀರಿ, ಎದುರಿನಿಂದ ಅದೇ ವೇಗದಲ್ಲಿ ಬರುವ ಬಸ್ಸು ಕೂಡ 290 ಮೀಟರ್ ಬಂದಿರುತ್ತದೆ. ಅಂದರೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ರಸ್ತೆ ಖಾಲಿ ಕಾಣಬೇಕು. ಕಾಣದಿದ್ದರೆ ಹಿಂದೆಯೇ ಇರಿ. ಹತ್ತು ಕಿಲೋಮೀಟರ್ ದೂರವನ್ನು 70ರ ಬದಲು 50ರಲ್ಲಿ ಹೋದರೆ ತಡವಾಗುವುದು ಮೂರೂವರೆ ನಿಮಿಷ.

ಪ್ರಶ್ನೆ (ಸಿಂಧನೂರಿನ ಸದಸ್ಯರು): ಸರ್, ನನ್ನದೊಂದು ಆಕ್ಷೇಪಣೆ. ಲೋಡ್ ತುಂಬಿದ ಲಾರಿ ತಟ್ಟನೆ ನಿಲ್ಲುವುದಿಲ್ಲ ಎಂದು ನೀವೇ ಹಿಂದೊಮ್ಮೆ ಈ ಗುಂಪಿನಲ್ಲಿ ಬರೆದಿದ್ದಿರಿ. ಹಾಗಿದ್ದರೆ ಅದರ ಹಿಂದೆ ಇರುವವರಿಗೆ ನಾಲ್ಕು ಸೆಕೆಂಡಿನ ಅಗತ್ಯವಾದರೂ ಏನು?

ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಲಾರಿ ತಟ್ಟನೆ ನಿಲ್ಲುತ್ತದೆ ಎಂಬುದಕ್ಕಿಂತ, ಅದು ತಟ್ಟನೆ ಪಕ್ಕಕ್ಕೆ ಸರಿಯುತ್ತದೆ ಎಂಬುದೇ ನನ್ನ ಭಯ. ಎದುರಿಗೆ ನಿಂತ ಟ್ರ್ಯಾಕ್ಟರನ್ನು ಲಾರಿ ಚಾಲಕರು ದೂರದಿಂದಲೇ ನೋಡಿರುತ್ತಾರೆ, ಕೊನೆಯ ಗಳಿಗೆಯಲ್ಲಿ ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳುತ್ತಾರೆ. ಹಿಂದೆ ಅಂಟಿಕೊಂಡು ಬಂದ ನಿಮಗೆ ಆ ಟ್ರ್ಯಾಕ್ಟರ್ ಕಾಣುವುದೇ ಆಗ. ನಿಮ್ಮ ಕಡೆ ಭತ್ತದ ಕೊಯ್ಲಿನ ಕಾಲದಲ್ಲಿ ಹುಲ್ಲು ಹೇರಿದ ಟ್ರಾಲಿಗಳು, ಕೊಯ್ಲಿನ ಯಂತ್ರಗಳು, ರಸ್ತೆಯ ಅಂಚಿನಲ್ಲೇ ಒಣಗಲು ಹರವಿದ ಭತ್ತ, ಅದರ ಸುತ್ತ ಸಾಲಾಗಿ ಇಟ್ಟ ಕಲ್ಲುಗಳು ಇದ್ದೇ ಇರುತ್ತವಲ್ಲ, ಅವೆಲ್ಲವೂ ಹೀಗೆಯೇ ಎದುರಾಗುತ್ತವೆ. ಇನ್ನೊಂದು ಮಾತು: ಗಣಿ ಕಡೆಯ ಟಿಪ್ಪರುಗಳ ಬ್ರೇಕ್ ಲೈಟಿನ ಮೇಲೆ ಕೆಂಪು ಧೂಳು ಹೆಪ್ಪುಗಟ್ಟಿರುತ್ತದೆ. ದೀಪ ಹತ್ತಿದರೂ ಬಿಸಿಲಿನಲ್ಲಿ ಗೊತ್ತಾಗುವುದಿಲ್ಲ.

ಲೋಡ್ ಲಾರಿ ನಿಧಾನವಾಗಿ ನಿಲ್ಲುತ್ತದೆ ಎಂಬುದು ನೆನಪಿರಬೇಕಾದದ್ದು ನೀವು ಅದರ ಮುಂದೆ ಇರುವಾಗ. 2018ರಲ್ಲಿ ಆಕ್ಸಲ್ (ಚಕ್ರಗಳ ಅಚ್ಚು) ಭಾರದ ಮಿತಿ ಏರಿಸಿದ ಮೇಲೆ ಮೂರು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 28.5 ಟನ್, ದೊಡ್ಡ ಟ್ರೇಲರುಗಳದು 55 ಟನ್‌ವರೆಗೆ ಇರಬಹುದು. ಏರ್ ಬ್ರೇಕಿನಲ್ಲಿ ಪೆಡಲ್ ಒತ್ತಿದ ಮೇಲೆ ಗಾಳಿಯು ಪೈಪಿನಲ್ಲಿ ಹರಿದು ಚಕ್ರವನ್ನು ತಲುಪಿ ಹಿಡಿತ ಬರಲು ಸುಮಾರು ಅರ್ಧ ಸೆಕೆಂಡು ಬೇಕು, 60ರ ವೇಗದಲ್ಲಿ ಅದು 8 ಮೀಟರ್. ಆದ್ದರಿಂದ ಲಾರಿಯನ್ನು ದಾಟಿ, ಮುಂದೆ ಟೋಲೋ ಹಂಪೋ ಕಂಡ ಕೂಡಲೇ ಅದರ ಮೂತಿಯ ಮುಂದೆ ನುಗ್ಗಿ ಬ್ರೇಕ್ ಒತ್ತುವುದು ತೀರಾ ಅಪಾಯಕಾರಿ. ದಾಟಿದ ಲಾರಿಯ ಎರಡೂ ಹೆಡ್‌ಲೈಟುಗಳು ಎಡಗನ್ನಡಿಯಲ್ಲಿ ಪೂರ್ತಿ ಕಂಡ ಮೇಲೂ ಎರಡು ಎಣಿಸಿ ಎಡಕ್ಕೆ ಬನ್ನಿ, ಏಕೆಂದರೆ ಆ ಉಬ್ಬುಗನ್ನಡಿ ಹತ್ತಿರದ ಲಾರಿಯನ್ನೂ ದೂರವಿದ್ದಂತೆ ತೋರಿಸುತ್ತದೆ. ಒಳಗಿನ ಕನ್ನಡಿಯ ಮಾತು ಬಿಡಿ, ಹಿಂದಿನ ಗಾಜಿಗೆ ನೀವೆಲ್ಲ ಪರದೆ ಕಟ್ಟಿಸಿರುತ್ತೀರಿ.

ಪ್ರಶ್ನೆ (ಗಂಗಾವತಿಯ ಸದಸ್ಯೆ): ನಮಸ್ಕಾರ ಸರ್. ಕುಷ್ಟಗಿ ಕಡೆಯ ಚತುಷ್ಪಥ ಹೆದ್ದಾರಿಯಲ್ಲಿ ಲಾರಿಗಳು ಡಿವೈಡರ್ ಪಕ್ಕದ ಬಲಗಡೆ ಪಥದಲ್ಲೇ ಹೋಗುತ್ತಿರುತ್ತವೆ, ಹಾರನ್ ಹೊಡೆದರೂ ಜಾಗ ಬಿಡುವುದಿಲ್ಲ. ಎಡಗಡೆ ಪಥ ಖಾಲಿಯೇ ಇರುತ್ತದೆ. ಎಡದಿಂದ ದಾಟಿದರೆ ತಪ್ಪೇ? ಮತ್ತೆ ಕೆಲವರು ಬಲಗಡೆ ಇಂಡಿಕೇಟರ್ ಹಾಕಿ ‘ಹೋಗಿ’ ಎನ್ನುತ್ತಾರಲ್ಲ, ಅದನ್ನು ನಂಬಬಹುದೇ?

ಉತ್ತರ: ಅಮ್ಮಾ, ಲಾರಿ ಚಾಲಕರು ಬಲಗಡೆ ಕುಳಿತಿರುತ್ತಾರೆ. ಅವರ ಎಡಬಾಗಿಲಿನ ಕೆಳಗೆ ಒಂದು ಕಾರು ಪೂರ್ತಿ ಅಡಗುವಷ್ಟು ಜಾಗ ಅವರಿಗೆ ಕಾಣುವುದೇ ಇಲ್ಲ, ಪಕ್ಕದಲ್ಲಿ ಕ್ಲೀನರ್ ಇಲ್ಲದಿದ್ದರೆ ಹೇಳುವವರೂ ಇಲ್ಲ. ನೀವು ಎಡದಲ್ಲಿ ಅರ್ಧ ದಾಟಿರುವಾಗಲೇ ಅವರಿಗೆ ಮುಂದಿನ ಡಾಬಾದ ನೆನಪಾಗಿ ಎಡಕ್ಕೆ ಎಳೆದರೆ ನಿಮಗೆ ಉಳಿಯುವುದು ಮಣ್ಣಿನ ಅಂಚು ಮಾತ್ರ. ಹಾಗೆಂದು ಬಲಪಥ ಬಿಡದ ಲಾರಿಯ ಹಿಂದೆ ಇಡೀ ದಿನ ಹೋಗಿ ಎಂದು ನಾನು ಹೇಳುವುದಿಲ್ಲ. ಮೊದಲು ಹಾರನ್ ಹೊಡೆದು, ಡಿಪ್ಪರ್ ಕೊಟ್ಟು (ಹೆಡ್‌ಲೈಟ್ ಮಿನುಗಿಸಿ) ಸ್ವಲ್ಪ ಹೊತ್ತು ಕಾಯಿರಿ. ಬಿಡಲೇ ಇಲ್ಲವಾದರೆ, ಮುಂದೆ ಎಡಗಡೆ ಡಾಬಾ, ಪೆಟ್ರೋಲ್ ಬಂಕ್, ಸರ್ವಿಸ್ ರಸ್ತೆಯ ಬಾಯಿ ಯಾವುದೂ ಇಲ್ಲದ ನೇರ ಜಾಗವನ್ನು ನೋಡಿ, ಲಾರಿಯ ಎಡಗನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣುತ್ತಿದೆಯೇ ಎಂದು ಖಚಿತಪಡಿಸಿಕೊಂಡು, ಪಕ್ಕದಲ್ಲಿ ಸಮಾನವಾಗಿ ಓಡುತ್ತಾ ಉಳಿಯದೆ ಒಂದೇ ಸಲಕ್ಕೆ ದಾಟಿ. ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ವೃತ್ತಗಳಲ್ಲಿ, ಅಡ್ಡರಸ್ತೆಗಳಲ್ಲಿ ಮಾತ್ರ ಎಡದಿಂದ ನುಗ್ಗುವುದು ಎಂದಿಗೂ ಬೇಡ. ಉದ್ದದ ಟ್ರೇಲರ್ ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಅಗಲವಾಗಿ ಹೋಗುತ್ತದೆ, ಎಡಗಡೆ ಜಾಗ ಬಿಟ್ಟಂತೆ ಕಾಣುತ್ತದೆ, ಆದರೆ ಅದರ ಹಿಂದಿನ ಚಕ್ರಗಳು ಅದೇ ಜಾಗವನ್ನು ಒರೆಸಿಕೊಂಡು ಬರುತ್ತವೆ.

ಇಂಡಿಕೇಟರ್ ವಿಚಾರದಲ್ಲಿ ನನ್ನ ಮಾತು ಕಟುವಾಗಿಯೇ ಇದೆ. ಬಲ ಇಂಡಿಕೇಟರ್ ಎಂದರೆ ‘ದಾಟಿ ಹೋಗಿ’ ಎಂದೂ ಇರಬಹುದು, ‘ನಾನು ಬಲಕ್ಕೆ ತಿರುಗುತ್ತಿದ್ದೇನೆ’ ಎಂದೂ ಇರಬಹುದು. ಒಂದೇ ಸನ್ನೆಗೆ ಹೀಗೆ ಎರಡು ಅರ್ಥ ಇರುವಾಗ ಪ್ರಾಣವನ್ನು ಅದರ ಮೇಲೆ ಇಡಲಾಗದು. ಮುಂದೆ ಡಿವೈಡರಿನಲ್ಲಿ ತೆರವು ಇದ್ದರೆ ಅಥವಾ ಬಲಕ್ಕೆ ಹಳ್ಳಿಯ ದಾರಿ ಇದ್ದರೆ ಲಾರಿ ತಿರುಗುತ್ತದೆ ಎಂದೇ ತಿಳಿಯಿರಿ. ಸನ್ನೆ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ನಿಮ್ಮ ಗಾಡಿಯ ಉದ್ದ ಮತ್ತು ಎಳೆತ ಅವರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ (ರಾಯಚೂರಿನ ಸದಸ್ಯರು): ಸರ್, ಶಕ್ತಿನಗರದ ರಸ್ತೆಯಲ್ಲಿ ಹಾರುಬೂದಿ ಸಾಗಿಸುವ ಬಲ್ಕರುಗಳು (ದೊಡ್ಡ ಟ್ಯಾಂಕರ್ ಲಾರಿಗಳು) ಎದುರಿನಿಂದ ಬಂದಾಗ ನಮ್ಮ ಎತ್ತರದ ವ್ಯಾನ್ ಪಕ್ಕಕ್ಕೆ ತೂಗಿದಂತಾಗುತ್ತದೆ. ವಾಹನದಲ್ಲಿ ದೋಷವಿದೆಯೇ?

ಉತ್ತರ: ದೋಷವಿಲ್ಲ. ಬಲ್ಕರ್ ತಳ್ಳಿಕೊಂಡು ಬರುವ ಗಾಳಿ ಮೊದಲು ನಿಮ್ಮನ್ನು ಎಡಕ್ಕೆ ದೂಡುತ್ತದೆ, ಅದು ದಾಟುತ್ತಿದ್ದಂತೆ ಒಳಕ್ಕೆ ಎಳೆಯುತ್ತದೆ. ಮೊದಲನೆಯ ದೂಡಿಕೆಗೆ ಹೆದರಿ ಸ್ಟೇರಿಂಗನ್ನು ಬಲಕ್ಕೆ ಎಳೆದವರೇ ಎರಡನೆಯ ಎಳೆತಕ್ಕೆ ಸಿಕ್ಕಿಬೀಳುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ಬಲ್ಕರ್ ಬರುವ ಮೊದಲೇ ವೇಗ ತಗ್ಗಿಸಿ, ಪಥದ ಎಡಭಾಗಕ್ಕೆ ಒಂದಿಷ್ಟು ಸರಿದಿರಿ. ನೀರಿನ ಟ್ಯಾಂಕನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ ಹೊರಡಿ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಹೊಯ್ದಾಡಿ ತೂಗಾಟವನ್ನು ಹೆಚ್ಚಿಸುತ್ತದೆ. ಭಾರದ ಸಾಮಾನುಗಳನ್ನು ಮೇಲಿನ ಕಪಾಟಿನಲ್ಲಿ ಇಡಬೇಡಿ.

ಪ್ರಶ್ನೆ (ಕೊಪ್ಪಳದ ಸದಸ್ಯರು): ಗುರುಗಳೇ, ತುಂಬಾ ಉಪಕಾರವಾಯಿತು. ಸಂಡೂರಿನ ಇಳಿಜಾರು ಮತ್ತು ರಾತ್ರಿ ಪ್ರಯಾಣದ ಬಗ್ಗೆಯೂ ಒಂದೆರಡು ಮಾತು ಹೇಳಿದರೆ ಅನುಕೂಲ.

ಉತ್ತರ: ಇಳಿಜಾರಿನ ನಿಯಮ ಹಳೆಯದೇ: ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರು ಇನ್ನೂ ಇದ್ದಾರೆ, ಅವರ ಮಾತು ಕೇಳಬೇಡಿ. ಮುಂದೆ ಲೋಡ್ ಟಿಪ್ಪರ್ ತೆವಳುತ್ತಾ ಇಳಿಯುತ್ತಿದ್ದರೆ ಅದು ಎಂಜಿನ್ ಹಿಡಿತದಲ್ಲಿ ಸರಿಯಾಗಿಯೇ ಇಳಿಯುತ್ತಿದೆ ಎಂದರ್ಥ, ಹಾರನ್ ಹೊಡೆದು ಅವಸರ ಮಾಡಿಸಬೇಡಿ. ಹಿಂದಿನಿಂದ ಸುಟ್ಟ ಬ್ರೇಕಿನ ವಾಸನೆ ಬಂದರೆ, ಅಥವಾ ಒಂದೇ ಸಮನೆ ಹಾರನ್ ಮಾಡುತ್ತಾ ಲಾರಿ ಬಂದರೆ, ಯಾರದು ಸರಿ ಯಾರದು ತಪ್ಪು ಎಂದು ನೋಡದೆ ಮೊದಲು ಸಿಕ್ಕ ಅಗಲ ಜಾಗದಲ್ಲಿ ಪಕ್ಕಕ್ಕೆ ಹೋಗಿ. ಮೊದಲ ಮಳೆಗೆ ರಸ್ತೆ ಮೇಲಿನ ಅದಿರಿನ ಧೂಳು ಕೆಂಪು ರಾಡಿಯಾಗಿ ಜಾರುತ್ತದೆ. ಆ ದಿನ ಸಂಡೂರು ಬೇಡ, ಇನ್ನೊಂದು ದಿನ ಹೋದರಾಯಿತು.

ರಾತ್ರಿಯ ವಿಷಯದಲ್ಲಿ ನನ್ನ ಸಲಹೆ ಒಂದೇ, ಸಂಜೆಗೆ ಊರು ಸೇರಿ. ಓಡುವ ಲಾರಿಗಿಂತ ನಿಂತ ಲಾರಿ ಹೆಚ್ಚು ಅಪಾಯ. ಲಾರಿಯ ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಪ್ರತಿಫಲನ ಪಟ್ಟಿ ಇರಬೇಕೆಂಬ ನಿಯಮವಿದೆ, ಆದರೆ ಇಳಿಬಿಟ್ಟ ತಾಡಪಾಲು ಮತ್ತು ಧೂಳು ಅದನ್ನು ಮುಚ್ಚಿರುತ್ತವೆ. ಕೆಟ್ಟು ನಿಂತ ಗಾಡಿಯ ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ ಇಟ್ಟರೆ ಮುಗಿಯಿತು ಎಂಬುದು ನಮ್ಮ ಕಡೆಯ ರೂಢಿ. ಹೊರಟು ಹೋದವರು ಆ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗುವುದೂ ಉಂಟು! ಆದ್ದರಿಂದ ಕತ್ತಲಲ್ಲಿ ನಿಮ್ಮ ದೀಪ ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲುವ ವೇಗವೇ ನಿಮ್ಮ ವೇಗ. ಎದುರಿನ ಹೈಬೀಮ್ ಕಣ್ಣಿಗೆ ಹೊಡೆದಾಗ ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ, ವೇಗವನ್ನೂ ಇಳಿಸಿ.

ನಿಮ್ಮ ಗಾಡಿಯೇ ಕೆಟ್ಟರೆ ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ಎಚ್ಚರಿಕೆ ತ್ರಿಕೋನವನ್ನು ಕನಿಷ್ಠ 50 ಹೆಜ್ಜೆ ಹಿಂದೆ ಇಡಿ. ಹೆಂಡತಿ ಮಕ್ಕಳನ್ನು ಒಳಗೆ ಹಾಸಿಗೆಯ ಮೇಲೆ ಮಲಗಿಸಿ ರಿಪೇರಿಗೆ ಇಳಿಯಬೇಡಿ, ಎಲ್ಲರನ್ನೂ ಎಡಬಾಗಿಲಿನಿಂದ ಇಳಿಸಿ ರಸ್ತೆಯಿಂದ ದೂರ, ಗಾಡಿಗಿಂತ ಹಿಂದಿನ ಕಡೆ ನಿಲ್ಲಿಸಿ. ಹಿಂದಿನಿಂದ ಲಾರಿ ಬಂದು ಗುದ್ದಿದರೆ ವ್ಯಾನ್ ಹಾರುವುದು ಮುಂದಕ್ಕೆ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಬೇರೆ ರಸ್ತೆಯಾದರೆ 112ಕ್ಕೆ ಕರೆ ಮಾಡಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಅವರಿಗೆ ಜಾಗ ಬೇಗ ಸಿಗುತ್ತದೆ.