ಹಳೆಯ ಕಾರಿನ ಪೆಟ್ರೋಲ್ ಸೋರಿಕೆ: ಕ್ಲಾಂಪ್ ಬಿಗಿ ಮಾಡಿದರೆ ಸಾಕೇ?

ಪ್ರಶ್ನೆ:
ಕಾರ್ಬ್ಯುರೇಟರ್ ಇರುವ ನನ್ನ ಹಳೆಯ ಕಾರಿನಲ್ಲಿ, ಇಂಧನ ಪಂಪಿನಿಂದ ಹೊರಡುವ ರಬ್ಬರ್ ಹೋಸ್‌ನ ತುದಿ ಒದ್ದೆಯಾಗಿರುತ್ತದೆ. ಎಂಜಿನ್ ಓಡುವಾಗ ಕ್ಲಾಂಪಿನ (ಹೋಸನ್ನು ಬಿಗಿಹಿಡಿಯುವ ಪಟ್ಟಿಯ) ಕೆಳಗೆ ಹನಿ ಕಟ್ಟಿಕೊಳ್ಳುತ್ತದೆ. ಕ್ಲಾಂಪ್ ಬಿಗಿ ಮಾಡಿದರೆ ಸಾಕೇ, ಹೋಸನ್ನೇ ಬದಲಿಸಬೇಕೇ?

ಉತ್ತರ 1:
ಬದಲಿಸಲೇಬೇಕು. ಹೋಸನ್ನು ತುಸು ಬಗ್ಗಿಸಿದಾಗ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ರಬ್ಬರ್ ಸತ್ತಿದೆ ಎಂದೇ ಅರ್ಥ. ಅದರ ಮೇಲೆ ಕ್ಲಾಂಪನ್ನು ಇನ್ನಷ್ಟು ಬಿಗಿದರೆ ಅಲ್ಲಿಯೇ ಸೀಳುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಬಗೆಯ ರಬ್ಬರನ್ನು ಬೇಗ ಕೆಡಿಸುವುದರಿಂದ, ಮೈಮೇಲೆ ಎಸ್‌ಎಇ ಜೆ30 ಆರ್9 (ಇಂಧನ ಹೋಸ್‌ಗಳ ಗುಣಮಟ್ಟದ ಒಂದು ಗುರುತು) ಎಂದು ಮುದ್ರಿಸಿರುವ ಹೋಸನ್ನೇ ಅದೇ ಒಳವ್ಯಾಸದಲ್ಲಿ ಕೊಳ್ಳಿ. ಟೇಪ್ ಸುತ್ತುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ.

ಉತ್ತರ 2:
ಕೆಲಸಕ್ಕಿಂತ ಮೊದಲು ಬೆಂಕಿಯ ಬಗ್ಗೆ ಯೋಚಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ, ಮತ್ತು ಆ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಿದು ದೂರದ ಕಿಡಿಯನ್ನು ತಲುಪಬಲ್ಲದು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಒಣ ಪುಡಿಯ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ.

ಉತ್ತರ 3:
ಹೊಸ ಹೋಸ್ ಲೋಹದ ನಳಿಕೆಯ ಮೇಲೆ ಅದರ ಉಬ್ಬನ್ನು ದಾಟುವವರೆಗೆ ಏರಬೇಕು. ಕ್ಲಾಂಪ್ ಆ ಉಬ್ಬಿನ ಹಿಂದೆ ಕೂರಬೇಕು, ಮೇಲೆ ಅಲ್ಲ. ಮುಗಿದ ಮೇಲೆ ಚೆಲ್ಲಿದ ಪೆಟ್ರೋಲನ್ನು ಒರೆಸಿ, ಆವಿ ಆರಿದ ನಂತರವೇ ಬ್ಯಾಟರಿ ಜೋಡಿಸಿ ಎಂಜಿನ್ ಓಡಿಸಿ. ಜೋಡಣೆಯ ಕೆಳಗೆ ಒಣ ಕಾಗದವನ್ನು ಹಿಡಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ.