ಊರ ಗುಡ್ಡಕ್ಕ ಮೋಟಾರ್ ಇಲ್ಲದ ಸೈಕಲ್ ಹಾದಿ: ಪಂಚಾಯ್ತಿಗೆ ಏನ ಬರದು ಕೊಡೋದು, ಮಳಿಗೆ ಹೆಂಗ ಉಳಸೋದು?

ಮಸಾರಿ ಗಾಲಿ

ಎಲ್ಲಾರಿಗೂ ನಮಸ್ಕಾರ ರೀ. ಮುಂಡರಗಿ ತಾಲ್ಲೂಕಿನ ಒಂದು ಊರಿನ ಸಲುವಾಗಿ ಕೇಳಾಕತ್ತೇನಿ. ಊರಿಗೆ ಹತ್ತಿ ಒಂದು ಬಿಡಿ ಗುಡ್ಡ ಐತಿ, ಬುಡದಿಂದ ನೆತ್ತಿಗೆ 90 ಮೀಟರ್ ಏರು. ಬುಡದಾಗ ಎರಿ (ಕರಿ ಮಣ್ಣು), ಮ್ಯಾಲ ಮಸಾರಿ (ಕೆಂಪು ಮಣ್ಣು) ಮತ್ತ ಗರಸು. ಬೈಕ್‌ನವರು ನೆಟ್ಟಗ ಏರಿಸಿ ಏರಿಸಿ ಹಳೇ ಕಾಲುಹಾದಿ ಮೊಣಕಾಲುದ್ದ ಕೊರದು ಹೋಗೈತಿ, ಮಳಿ ಬಂದ್ರ ಅದ ಹಳ್ಳ. ಗುಡ್ಡಗಾಡಿನ್ಯಾಗ ಓಡಸೋ ಎಂಟಿಬಿ ಸೈಕಲ್ ಇರೋ ಹುಡುಗ್ರು, ಹುಡುಗ್ಯಾರು ಸೇರಿ 20 ಮಂದಿ ಅದಾರ. ಸೈಕಲ್‌ಗೆ ಮತ್ತ ನಡಿಯೋರಿಗೆ ಅಷ್ಟ ಅಂತ ಒಂದು 3 ಕಿ.ಮೀ. ಹಾದಿ ಆಗಬೇಕು ಅನ್ನೋದು ಬೇಡಿಕಿ. ಪಂಚಾಯ್ತಿಯವರು ಬ್ಯಾಡ ಅಂದಿಲ್ಲ, "ಬರದು ಕೊಡ್ರಿ" ಅಂದಾರ. ಏನ ಬರೀಬೇಕು, ಯಾರ ಪರವಾನಗಿ ಬೇಕು? ಒಂದ ಮಳಿಗಾಲಕ್ಕ ಕೊಚ್ಚಿ ಹೋಗಬಾರದು ಅಂದ್ರ ಹೆಂಗ ಕಡೀಬೇಕು? ಬೈಕ್ ತಡೀಬೇಕು, ಆದ್ರ ಕುರಿ ಮತ್ತ ಸೌದಿ ಹೊರಿ ತಡೀಬಾರದು.

ಸರ್ವೆ ನಂಬರ್

ಅರ್ಜಿಗಿಂತ ಮೊದಲು ಜಾಗ ಯಾರದು ಅನ್ನೋದು ತಿಳಿಯಲಿ. ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಗುಡ್ಡದ ಬುಡ, ನಡು, ನೆತ್ತಿ ಮೂರೂ ಕಡೆ ನಿಂತು ಸರ್ವೆ ನಂಬರ್ ಬರೆದುಕೊಳ್ಳಿ. ಒಂದೇ ಗುಡ್ಡ ಮೂರು ನಾಲ್ಕು ನಂಬರಿನಲ್ಲಿ ಹಂಚಿಹೋಗಿರುವುದು ಸಾಮಾನ್ಯ. ಪ್ರತಿ ನಂಬರಿನ ಉತಾರ (ಪಹಣಿ) ತೆಗೆಸಿ, ಜೊತೆಗೆ ಗ್ರಾಮ ನಕಾಶೆಯ ಪ್ರತಿ. ನಕಾಶೆಯಲ್ಲಿ ಕಾಲುದಾರಿಗೆ ಒಂಟಿ ತುಂಡುಗೆರೆ, ಬಂಡಿದಾರಿಗೆ ಜೋಡಿ ಗೆರೆ ಇರುತ್ತದೆ. ಹಳೆಯ ಕಾಲುದಾರಿ ನಕಾಶೆಯಲ್ಲೇ ಇದ್ದರೆ ನಿಮ್ಮ ಅರ್ಜಿಯ ಬಲ ಇಮ್ಮಡಿ: ಹೊಸದಾಗಿ ಜಾಗ ಕೇಳುತ್ತಿಲ್ಲ, ಇದ್ದ ದಾರಿಯನ್ನು ಸರಿಯಾದ ಕಡೆಗೆ ತಿರುಗಿಸುತ್ತಿದ್ದೀರಿ.

ಬಿಡಿ ಗುಡ್ಡ ಎಂದು ನೋಟಕ್ಕೆ ನಂಬಬೇಡಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಸುಮಾರು 244 ಚದರ ಕಿ.ಮೀ., ಗದಗ, ಶಿರಹಟ್ಟಿ, ಮುಂಡರಗಿ ಮೂರೂ ಕಡೆ ಹಬ್ಬಿದೆ. ನಿಮ್ಮ ನಂಬರ್ ಅದರೊಳಗೆ ಬಿದ್ದರೆ 1972ರ ವನ್ಯಜೀವಿ ಕಾಯ್ದೆಯ ಕಲಂ 27, 28, 29 ಎದುರಾಗುತ್ತವೆ: ಒಳಗೆ ಹೋಗಲೇ ಅನುಮತಿ ಬೇಕು, ನೆಲ ಕಡಿಯುವುದಂತೂ ದೂರದ ಮಾತು. ಅಭಯಾರಣ್ಯವಲ್ಲದಿದ್ದರೂ ಕಾಯ್ದಿಟ್ಟ ಅರಣ್ಯ ಅಥವಾ ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದೇ ಎಣಿಸುವ ಜಾಗ) ಪಟ್ಟಿಯಲ್ಲಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬರುತ್ತದೆ. ಆ ಎರಡೂ ಸಂದರ್ಭದಲ್ಲಿ ಸಲಿಕೆ ಮುಟ್ಟಬೇಡಿ, ಬೇರೆ ಗುಡ್ಡ ಹುಡುಕಿ. ವಲಯ ಅರಣ್ಯಾಧಿಕಾರಿ ಕಚೇರಿಯಿಂದ "ಈ ಸರ್ವೆ ನಂಬರ್ ಅರಣ್ಯಕ್ಕೆ ಸೇರಿಲ್ಲ" ಎಂಬ ಬರಹ ಪಡೆದು ಅರ್ಜಿಗೆ ಲಗತ್ತಿಸಿ.

ಉತಾರದಲ್ಲಿ ಗಾಯರಾಣ (ಗೋಮಾಳ) ಎಂದಿದ್ದರೆ ಎಚ್ಚರದಿಂದ ಬರೆಯಿರಿ. ಭೂಕಂದಾಯ ನಿಯಮದ ಪ್ರಕಾರ 100 ದನಕ್ಕೆ 12 ಹೆಕ್ಟೇರ್ ಮೇವಿನ ಜಾಗ ಬಿಟ್ಟಿರಬೇಕು, ಅದನ್ನು ಕಡಿಮೆ ಮಾಡುವ ಮಾತು ಬಂದರೆ ಇಡೀ ಊರು ಎದ್ದು ನಿಲ್ಲುತ್ತದೆ, ನಿಲ್ಲಬೇಕಾದ್ದೇ. ಮಂಜೂರಾತಿ ಕೇಳಬೇಡಿ, ಬೇಲಿ ಕೇಳಬೇಡಿ, ಬಳಕೆಗೆ ಅನುಮತಿ ಮಾತ್ರ ಕೇಳಿ. ಲೆಕ್ಕ ಹೀಗೆ ಇಡಿ: 60 ಸೆಂ.ಮೀ. ಅಗಲ, 3 ಕಿ.ಮೀ. ಉದ್ದ ಅಂದರೆ 1,800 ಚದರ ಮೀಟರ್, ಸುಮಾರು 18 ಗುಂಟೆ. ಇಡೀ ಗುಡ್ಡದಲ್ಲಿ ನೀವು ಕಡಿಯುವ ನೆಲ ಅಷ್ಟೇ. ಈ ಒಂದು ಸಾಲು ಹತ್ತು ಪುಟದ ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗ್ರಾಮಸಭೆಯ ಠರಾವು (ನಿರ್ಣಯ) ಮೊದಲು, ಆಮೇಲೆ ತಹಶೀಲ್ದಾರರಿಗೆ ಅರ್ಜಿ.

ನೀರಿನ ಓಟ

ಹಾದಿ ಹಾಳು ಮಾಡುವುದು ಸೈಕಲ್ ಗಾಲಿಯಲ್ಲ, ಹಾದಿಯ ಮೇಲೆ ಓಡುವ ನೀರು. ಗಾಲಿ ಮಣ್ಣನ್ನು ಸಡಿಲ ಮಾಡುತ್ತದೆ, ಹೊತ್ತೊಯ್ಯುವುದು ನೀರು. ನಿಮ್ಮ ಹಳೇ ಹಾದಿ ಕೊರಕಲಾಗಿದ್ದು ಅದು ನೀರು ಇಳಿಯುವ ದಿಕ್ಕಿನಲ್ಲೇ ಇದ್ದದ್ದಕ್ಕೆ. ಬೈಕ್ ಅದನ್ನು ಬೇಗ ಮಾಡಿತು, ಅಷ್ಟೆ. ಅದನ್ನೇ ರಿಪೇರಿ ಮಾಡಲು ಹೋಗಬೇಡಿ. ಗುಡ್ಡಕ್ಕೆ ಅಡ್ಡಲಾಗಿ ಹೊಸ ಸಾಲು ಹಿಡಿಯಿರಿ.

ಎರಡು ಅಳತೆ ಸಾಕು. ಹಾದಿಯ ಏರು, ಅದು ಹಾಯುವ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು: ಗುಡ್ಡದ ಮೈ 12% ಇಳಿಜಾರಿದ್ದರೆ ಹಾದಿ 6% ಮೀರಬಾರದು, ಮೀರಿದರೆ ನೀರು ಹಾದಿಯನ್ನು ದಾಟುವ ಬದಲು ಹಾದಿಯನ್ನೇ ಹಿಡಿಯುತ್ತದೆ. ಎರಡನೆಯದು, ಗುಡ್ಡ ಎಷ್ಟೇ ಕಡಿದಾಗಿದ್ದರೂ ಸರಾಸರಿ ಏರು 10% ಒಳಗೇ ಇರಲಿ. 1988ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಕಲಿಸುವ ಲೆಕ್ಕ ಇದು, ನಮ್ಮ ಮಸಾರಿಗೂ ಚೆನ್ನಾಗಿ ಒಗ್ಗುತ್ತದೆ. ನಿಮ್ಮ 90 ಮೀಟರ್ ಏರಿಗೆ 1.5 ಕಿ.ಮೀ. ಕೊಟ್ಟರೆ 6% ಬರುತ್ತದೆ. ಏರಲು ಒಂದೂವರೆ, ಇಳಿಯಲು ಇನ್ನೊಂದು ಮೈಯಲ್ಲಿ ಒಂದೂವರೆ, ನಿಮ್ಮ 3 ಕಿ.ಮೀ. ಮುಗಿಯಿತು.

ಸಾಲು ಹಿಡಿಯಲು ಜಲಾನಯನದ ಕೆಲಸದಲ್ಲಿ ಬಳಸುವ ಎ-ಫ್ರೇಮ್ ಸಾಕು. 2 ಮೀಟರಿನ ಎರಡು ಬಿದಿರು ಗಳ, ತುದಿಯಲ್ಲಿ ಕೂಡಿಸಿ ಬಿಗಿಯಿರಿ, ಕಾಲುಗಳ ನಡುವೆ ಸರಿಯಾಗಿ 2 ಮೀಟರ್ ಅಂತರ, ನಡುವೆ ಅಡ್ಡ ಕೋಲು. ತುದಿಯಿಂದ ದಾರ ಇಳಿಬಿಟ್ಟು ಕಲ್ಲು ಕಟ್ಟಿ. ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಅಡ್ಡ ಕೋಲನ್ನು ಮುಟ್ಟುವ ಕಡೆ ಗುರುತು ಹಾಕಿ, ಕಾಲು ಅದಲು ಬದಲು ಮಾಡಿ ಮತ್ತೆ ಗುರುತು ಹಾಕಿ. ಎರಡರ ನಡುವಿನ ಬಿಂದುವೇ ಸಮಮಟ್ಟ. ಈಗ ಹಿಂದಿನ ಕಾಲಿನ ಅಡಿಗೆ 12 ಸೆಂ.ಮೀ. ಕಟ್ಟಿಗೆ ತುಂಡು ಕಟ್ಟಿ. ಏರುತ್ತಾ ಹೋಗಿ ದಾರ ನಡುಗುರುತಿಗೆ ಬಂದ ಕಡೆ ಮುಂದಿನ ಕಾಲು ಊರಿದರೆ ಅದು ಕರೆಕ್ಟ್ 6% ಏರು. ಅಲ್ಲೊಂದು ಸುಣ್ಣದ ಚುಕ್ಕೆ. ಒಂದೂವರೆ ಕಿ.ಮೀ.ಗೆ 750 ಸಲ ಕಾಲಿಡಬೇಕು, ಇಬ್ಬರು ತಾಳ್ಮೆಯಿಂದ ಮಾಡುವ ಕೆಲಸ. ಕಣ್ಣಳತೆಯಲ್ಲಿ ಹಿಡಿದ ಸಾಲು ಹತ್ತಕ್ಕೆ ಒಂಬತ್ತು ಸಲ ಕಡಿದಾಗಿಬಿಡುತ್ತದೆ, ಗುಡ್ಡದ ಮೇಲೆ ಕಣ್ಣು ಮೋಸ ಮಾಡುತ್ತದೆ.

ಎಲ್ಲಾ ಕಡೆ ಒಂದೇ ಏರು ಬೇಡ. 10ರಿಂದ 15 ಮೀಟರಿಗೊಮ್ಮೆ ಹಾದಿ ಎರಡು ಮೂರು ಮೀಟರ್ ಉದ್ದಕ್ಕೆ ತುಸು ಇಳಿದು ಮತ್ತೆ ಏರಲಿ. ಎಷ್ಟೇ ನೀರು ಹಾದಿ ಹಿಡಿದರೂ ಆ ತಗ್ಗಿನಲ್ಲಿ ಹೊರಗೆ ಬೀಳುತ್ತದೆ. ಈ ತಗ್ಗುಗಳನ್ನು ಸಾಲು ಹಿಡಿಯುವಾಗಲೇ ಸೇರಿಸಬೇಕು. ಕಡಿದ ಮೇಲೆ ಗುಂಡಿ ತೋಡಿದರೆ ಅದು ಕೆಸರುಗುಂಡಿ ಆಗುತ್ತದೆ.

ಕಡಿಯುವಾಗ ಪೂರ್ತಿ 60 ಸೆಂ.ಮೀ. ಗುಡ್ಡದ ಗಟ್ಟಿ ಮೈಯಲ್ಲೇ ಬರಲಿ. ಒಳಗಡೆ ಅರ್ಧ ಕಡಿದು, ಆ ಮಣ್ಣನ್ನು ಹೊರಗಡೆ ಪೇರಿಸಿ ಅರ್ಧ ಮಾಡಿದ ಹಾದಿ ಮೊದಲ ಮಳೆಗೇ ಜರಿಯುತ್ತದೆ. ಕಡಿದ ಮಣ್ಣನ್ನು ಬುಟ್ಟಿಯಲ್ಲಿ ಕೆಳಗಡೆ ದೂರ ಚೆಲ್ಲಿ, ಅಂಚಿನಲ್ಲಿ ದಿಬ್ಬ ಉಳಿಯಬಾರದು. ಒಳಗೋಡೆ 45 ಡಿಗ್ರಿಗೆ ಓರೆ ಮಾಡಿ. ಹೊರ ಅಂಚು ಒಳ ಅಂಚಿಗಿಂತ 3 ಸೆಂ.ಮೀ. ತಗ್ಗಿರಲಿ. ಒಂದು ಬಾಟ್ಲಿ ನೀರು ಸುರಿದು ನೋಡಿ: ಅಡ್ಡ ಹರಿದು ಹೊರಬಿದ್ದರೆ ಸರಿ, ಹಾದಿಯುದ್ದಕ್ಕೂ ಹರಿದರೆ ಮತ್ತೆ ಗುದ್ದಲಿ ಹಿಡಿಯಿರಿ.

ಬುಡದ ಎರಿಯನ್ನು ಆದಷ್ಟು ತಪ್ಪಿಸಿ. ದಾಟಲೇಬೇಕಾದರೆ ಕಲ್ಲು ಹಾಸಬೇಕು, ಆದರೆ ಮಲಗಿಸಿ ಅಲ್ಲ. ಮಲಗಿಸಿದ ಚಪ್ಪಟೆ ಕಲ್ಲು ಎರಿ ಉಬ್ಬಿದಾಗ ಮಗ್ಗುಲು ಏಳುತ್ತದೆ. ಒಂದು ಗೇಣು ಆಳದ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಹೂಳಿ, ಸಂದಿಗೆ ಗರಸು ತುಂಬಿ ಬಡಿಯಿರಿ.

ಹಳೇ ಕೊರಕಲನ್ನು ಹಾಗೇ ಬಿಡಬೇಡಿ, ಎಲ್ಲರೂ ಮತ್ತೆ ಅದೇ ಹತ್ತುತ್ತಾರೆ. 30 ಸೆಂ.ಮೀ. ಎತ್ತರದ ಕಲ್ಲಿನ ತಡೆ ಕಟ್ಟುತ್ತಾ ಹೋಗಿ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡಕ್ಕೆ ಸಮ ಬರಬೇಕು. 15% ಇಳಿಜಾರಿದ್ದರೆ 2 ಮೀಟರಿಗೊಂದು. ನಡುಭಾಗ ತಗ್ಗಿರಲಿ, ಇಲ್ಲದಿದ್ದರೆ ನೀರು ಪಕ್ಕ ಕೊರೆಯುತ್ತದೆ. ಬಾಯಿಗೆ ಬಳ್ಳಾರಿ ಜಾಲಿ ಟೊಂಗೆ ಅಡ್ಡ ಹಾಕಿ. ಹೊಸ ಹಾದಿಯ ಪಕ್ಕ ಮಾತ್ರ ಜಾಲಿ ಕಡಿದು ಬಿಡಬೇಡಿ, ಟ್ಯೂಬುಗಳು ಒಂದೂ ಉಳಿಯುವುದಿಲ್ಲ.

ಕಲ್ಲಮೆಟ್ಲ

ಬೈಕ್ ತಡಿಯೋದರ ಬಗ್ಗೆ ಹೇಳ್ತೀನ್ರಿ. ಎರಡು ಕಂಬ ನೆಟ್ಟು ಸಣ್ಣ ಸಂದಿ ಬಿಟ್ರ ಸಾಕು ಅಂತ ಎಲ್ಲಾರೂ ಅಂತಾರ. ಆಗೂದಿಲ್ಲ. ಸ್ಪ್ಲೆಂಡರ್ ಗಾಡಿ ಅಗಲ 72 ಸೆಂ.ಮೀ., ಈಗಿನ ಎಂಟಿಬಿ ಹ್ಯಾಂಡಲ್ 70ರಿಂದ 78. ಅಂದ್ರ ಸೈಕಲ್ ಹಾಯೋ ಸಂದ್ಯಾಗ ಬೈಕ್ ಆರಾಮ ಹಾಯ್ತೈತಿ. ಇವೆರಡನ್ನ ಬ್ಯಾರೆ ಮಾಡೂದು ಅಗಲ ಅಲ್ಲ, ತೂಕ. ಸೈಕಲ್ 15 ಕೆ.ಜಿ., ಬೈಕ್ 110ರ ಮ್ಯಾಲ. ಹಂಗಾಗಿ ಎತ್ತಿ ದಾಟಿಸೋ ಅಡ್ಡಗಲ್ಲು ಹಾಕ್ರಿ: 40 ಸೆಂ.ಮೀ. ಎತ್ತರ, ನೆಲದಾಗ ಅಷ್ಟ ಹೂತಿರಬೇಕು, ಅದರ ಹಿಂದ 1 ಮೀಟರ್‌ಗೆ ಇನ್ನೊಂದು. ಒಂದ ಕಲ್ಲಾದ್ರ ಇಬ್ಬರು ಸೇರಿ ಮುಂದಿನ ಗಾಲಿ ಎತ್ತಿ ದಾಟಿಸಿಬಿಡ್ತಾರ, ಎರಡಿದ್ರ ಗಾಡಿ ನಡುವ ಸಿಗತೈತಿ.

ಜಾಗ ಮುಖ್ಯ ರೀ. ಬಯಲಾಗ ಹಾಕಿದ್ರ ಪಕ್ಕಕ್ಕ ಹಾದು ಹೋಗ್ತಾರ. ಎರಡು ಬಂಡಿಗಲ್ಲಿನ ನಡುವ, ಇಲ್ಲಾ ಹಳ್ಳದ ದಂಡಿಯೊಳಗ ಹಾಕ್ರಿ. ಸೌದಿ ಹೊರಿ ಹೊತ್ತ ಹೆಣ್ಣುಮಕ್ಕಳು 40 ಸೆಂ.ಮೀ. ದಾಟೂದು ಕಷ್ಟ, ಅದಕ್ಕ ಎರಡೂ ಮಗ್ಗಲಕ್ಕ 20 ಸೆಂ.ಮೀ. ಮೆಟ್ಲಗಲ್ಲು ಇಡ್ರಿ. ಮೆಟ್ಲ ಒಂದ ಪಾದದಷ್ಟ ಅಗಲ ಇರಲಿ, ಅಗಲಾದ್ರ ಬೈಕಿಗೆ ರ‍್ಯಾಂಪ್ ಆಗತೈತಿ. ಕುರಿ ಸಲೀಸ ಜಿಗಿತಾವ, ದನಕ್ಕ ಮಾತ್ರ ಅವು ಯಾವಾಗ್ಲೂ ಹತ್ತೋ ಹಾದಿ ಬ್ಯಾರೆ ಬಿಟ್ಟುಬಿಡ್ರಿ, ಅದನ್ನ ಮುಟ್ಟಬ್ಯಾಡ್ರಿ.

ಕಲ್ಲಷ್ಟ ಸಾಲೂದಿಲ್ಲ, ಕಾಗದಾನೂ ಬೇಕು. ಮೋಟಾರು ವಾಹನ ಕಾಯ್ದೆ 1988ರ ಕಲಂ 115ರ ಪ್ರಕಾರ ಒಂದು ದಾರಿಗೆ ಮೋಟಾರ್ ಗಾಡಿ ಬ್ಯಾಡ ಅಂತ ಆದೇಶ ಮಾಡಬಹುದು, ಜಿಲ್ಲಾಧಿಕಾರಿ ಕಚೇರಿಗೆ ಠರಾವಿನ ಜೋಡಿ ಕೊಡ್ರಿ. ಠರಾವಿನಾಗ ಬ್ಯಾಟರಿ ಸೈಕಲ್ ಬಗ್ಗೆ ಈಗ ಬರದುಬಿಡ್ರಿ. 250 ವ್ಯಾಟ್ ಒಳಗ, 25 ಕಿ.ಮೀ. ವೇಗದ ಒಳಗ ಇದ್ದದ್ದು ಕಾಯ್ದೆ ಲೆಕ್ಕದಾಗ ಮೋಟಾರ್ ಗಾಡಿ ಅಲ್ಲ. ಬ್ಯಾಡ ಅನ್ನೋದಾದ್ರ "ಪೆಡಲ್ ತುಳಿದು ಮಾತ್ರ ಓಡುವ ಸೈಕಲ್" ಅಂತ ಬಿಡಿಸಿ ಬರೀಬೇಕು, "ಮೋಟಾರ್ ರಹಿತ" ಅನ್ನೋದು ಸಾಲೂದಿಲ್ಲ.

ಮಸಾರಿ ಗಾಲಿ

ಭಾಳ ಉಪಕಾರ ಆತ್ರಿ. ಉತಾರ ತೆಗಸಾಕ ಹಾಕೇವಿ. ಒಂದ ಸಂಶಯ: ಸದಸ್ಯರೊಬ್ಬರು "ಎರಡು ದಿನ ಜೆಸಿಬಿ ಕಳಸ್ತೀನಿ, ಮುಗದ ಹೋಗತೈತಿ" ಅನ್ನಾಕತ್ತಾರ. ಬ್ಯಾಡ ಅಂದ್ರ ಮನಸ್ಸಿಗೆ ಹಚ್ಚಿಕೋತಾರ. ಏನ ಹೇಳೂದು? ಇನ್ನ ಕುರಿ ಕಾಯೋರು ಸಭಾಕ್ಕ ಬರಾಕ ಒಲ್ಲೆ ಅನ್ನಾಕತ್ತಾರ.

ನೀರಿನ ಓಟ

ಜೆಸಿಬಿಯೇ 2 ಮೀಟರಿಗಿಂತ ಅಗಲ. ಅದು ಕಡಿದ ಹಾದಿ ಎರಡೂವರೆ ಮೀಟರ್ ಆಗುತ್ತದೆ, ನಿಮ್ಮ 18 ಗುಂಟೆ ಲೆಕ್ಕ 75 ಗುಂಟೆಗೆ ಹೋಗುತ್ತದೆ, ಟ್ರ್ಯಾಕ್ಟರ್ ಕೂಡ ಹತ್ತುತ್ತದೆ. ಹೊರಗಡೆ ಅರ್ಧ ಸಡಿಲ ಮಣ್ಣೇ ಇರುತ್ತದೆ. ಸದಸ್ಯರಿಗೆ ಬೇರೆ ಕೆಲಸ ಕೊಡಿ: ಆ ಯಂತ್ರ ಕೊರಕಲಿನ ಬುಡಕ್ಕೆ ಕಲ್ಲು ತಂದು ಹಾಕಲಿ, ಅಡ್ಡಗಲ್ಲು ಇಳಿಸಿಕೊಡಲಿ. ಅದು ನಿಜವಾಗಿಯೂ ದೊಡ್ಡ ಸಹಾಯ. ಹೊಸ ಸಾಲಿನ ಮೇಲೆ ಮಾತ್ರ ಅದರ ಗಾಲಿ ಬೀಳದಿರಲಿ.

ಸರ್ವೆ ನಂಬರ್

ಕುರಿಯವರನ್ನು ಸಭೆಗೆ ಕರೆಯಬೇಡಿ, ನೀವೇ ಗುಡ್ಡಕ್ಕೆ ಹೋಗಿ. ಬೆಳಿಗ್ಗೆ ಮಂದೆ ಎಬ್ಬಿಸುವ ಹೊತ್ತಿಗೆ ಸುಣ್ಣದ ಚುಕ್ಕೆಯ ಜೊತೆ ನಡೆದು ತೋರಿಸಿ, ಅವರು ಬೇಡ ಎಂದ ಕಡೆ ಸಾಲು ತಿರುಗಿಸಿ. ಮಂದೆ ಎಲ್ಲಿ ಮಲಗುತ್ತದೆ, ನೀರಿಗೆ ಯಾವ ಕಡೆಯಿಂದ ಇಳಿಯುತ್ತದೆ, ಮರಿ ಹಾಕುವ ಜಾಗ ಯಾವುದು, ಯಾವ ತಗ್ಗಿನಲ್ಲಿ ಮಳೆ ನೀರು ನಿಲ್ಲುತ್ತದೆ, ಇದೆಲ್ಲ ಅವರಿಗೆ ಗೊತ್ತು, ಯಾವ ನಕಾಶೆಯಲ್ಲೂ ಇಲ್ಲ. ಫಲಕದಲ್ಲಿ ಮೊದಲ ಸಾಲು ಇದೇ ಇರಲಿ: ಮಂದೆ ಕಂಡರೆ ಇಳಿದು ನಿಲ್ಲುವುದು, ಕುರಿ ದಾಟಿದ ಮೇಲೆ ಹತ್ತುವುದು. ಎರಡನೇ ಸಾಲು: ಗಾಲಿಗೆ ಮಣ್ಣು ಮೆತ್ತುತ್ತಿದ್ದರೆ ವಾಪಸ್. ಮಸಾರಿ ಭಾಗ ಮಳೆ ನಿಂತ ಮರುದಿನ ಒಣಗಬಹುದು, ಎರಿಗೆ ಮೂರು ನಾಲ್ಕು ದಿನ ಬೇಕು.

ಕಲ್ಲಮೆಟ್ಲ

3 ಕಿ.ಮೀ. ಒಮ್ಮೆಲೆ ಕಡಿಯಾಕ ಹೋಗಬ್ಯಾಡ್ರಿ. ಮೇ ತಿಂಗಳದಾಗ 50 ಮೀಟರ್ ಅಷ್ಟ ಕಡಿದು ಬಿಡ್ರಿ, ಮೂರು ನಾಲ್ಕು ತಗ್ಗು ಬರೋ ಹಂಗ. ಎಷ್ಟ ಮಂದಿ, ಎಷ್ಟ ತಾಸು ಹಿಡೀತು ಬರದಿಡ್ರಿ, ಪೂರ್ತಿ ಹಾದಿಯ ಆಳಿನ ಲೆಕ್ಕ ಅದರಿಂದನ ಬರತೈತಿ. ಹೊರ ಅಂಚಿಗೆ 5 ಮೀಟರಿಗೊಂದು ಕಬ್ಬಿಣದ ಮೊಳೆ, ತಲಿ ನೆಲಕ್ಕ ಸಮ ಬಡೀರಿ. ಮುಂಗಾರಿ, ಹಿಂಗಾರಿ ಎರಡೂ ಆದ ಮ್ಯಾಲ ನವೆಂಬರ್‌ದಾಗ ಮೊಳೆ ಎಷ್ಟ ಮ್ಯಾಲ ಎದ್ದು ಕಾಣತೈತಿ ಅಳೀರಿ, ಅಷ್ಟ ಮಣ್ಣು ಹೋಗೈತಿ ಅಂತ ಅರ್ಥ. ಮೊಳೆ ಮುಚ್ಚಿಹೋಗಿದ್ರ ಅಂಚಿನ್ಯಾಗ ದಿಬ್ಬ ಕಟ್ಟೈತಿ, ಗುದ್ದಲಿಯಿಂದ ಕೆರೆದು ಹೊರಗ ಚೆಲ್ಲಿ. ಆ ಅಳತಿ ಪಟ್ಟಿ ಮತ್ತ ಮೊದಲಿನ, ಆಮೇಲಿನ ಫೋಟೋ ಡಿಸೆಂಬರ್ ಗ್ರಾಮಸಭಾದಾಗ ಇಡ್ರಿ.