ವಿಕಿಪೀಡಿಯದ ಅರಳಿಕಟ್ಟೆಯಲ್ಲಿ ಬರೆಯುವುದು ಹೇಗೆ? ನುಡಿಯಲ್ಲಿ ಬರೆದದ್ದು ಅಲ್ಲಿ ಕೆಡುತ್ತಿದೆ

ನವನಗರ ಡಿಟಿಪಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ತಹಶೀಲ್ದಾರರಿಗೆ ಅರ್ಜಿ, ದಿನವಿಡೀ ಇದೇ ಕೆಲಸ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದಲ್ಲಿ ಕೀಬೋರ್ಡ್ ನೋಡದೆ ಟೈಪ್ ಮಾಡುತ್ತೇನೆ. ಬರೆಯುವುದು ನನಗೆ ಕಷ್ಟವಲ್ಲ. ಎಲ್ಲಿ, ಹೇಗೆ ಹಾಕಬೇಕು ಅನ್ನುವುದೇ ತಿಳಿಯುತ್ತಿಲ್ಲ.

ನಮ್ಮೂರ ಹೋಳಿ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯಬೇಕು ಅಂತ ಬಹಳ ಆಸೆ. ಕಿಲ್ಲಾ, ಹಳಪೇಟ, ವೆಂಕಟಪೇಟ, ಹೀಗೆ ಓಣಿ ಓಣಿಯವರು ಹಲಗೆ ಬಾರಿಸುತ್ತಾ ಬರುವುದು, ಬಂಡಿ ಮೇಲೆ ಬಣ್ಣದ ಬ್ಯಾರಲ್ ಇಟ್ಟುಕೊಂಡು ಎದುರುಬದುರು ನಿಂತು ಎರಚುವುದು, ಇದನ್ನೆಲ್ಲ ಬೇರೆ ಜಿಲ್ಲೆಯವರೂ ಓದಬೇಕು. ಹಳೇ ಊರಿನ ಒಂದಷ್ಟು ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಜನ ಇಲ್ಲಿ ಸೆಕ್ಟರ್‌ಗಳಿಗೆ ಬಂದು ನೆಲೆಸಿದರು. ಈಗಿನ ಮಕ್ಕಳಿಗೆ ತಮ್ಮ ಮನೆತನದ ಓಣಿ ಯಾವುದು ಅಂತ ಗೊತ್ತಾಗುವುದು ಹೋಳಿಯಲ್ಲೇ.

ಬರೆಯುವ ಮುಂಚೆ ಅಲ್ಲಿನ ಹಳಬರನ್ನು ಒಮ್ಮೆ ಕೇಳೋಣ ಅಂದುಕೊಂಡೆ. ಅದಕ್ಕೆ ಅರಳಿಕಟ್ಟೆ ಅಂತ ಒಂದು ಜಾಗ ಇದೆಯಂತೆ. ಖಾತೆ ತೆರೆಯಲು ಮೊಬೈಲ್ ನಂಬರ್ ಕೇಳುತ್ತಾರಾ? ನಿಜ ಹೆಸರು ಕೊಡಲೇಬೇಕಾ? ಹೆಣ್ಣುಮಗಳು ಒಬ್ಬಳೇ ಅಂಗಡಿ ನಡೆಸುವಾಗ ಇದನ್ನೆಲ್ಲ ಯೋಚನೆ ಮಾಡಬೇಕಾಗುತ್ತದೆ.

ಇನ್ನೊಂದು. ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದ ಒಂದು ಪ್ಯಾರಾ ಅಲ್ಲಿ ಪೇಸ್ಟ್ ಮಾಡಿ ನೋಡಿದೆ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಬಂತು, ಪಕ್ಕದಲ್ಲಿ ತಲೆ ಮೇಲೆ ಗೀಟು ಇರುವ ಎ. ಇಡೀ ಪ್ಯಾರಾ ಹೀಗೇ. ಉಳಿಸದೆ ಹಾಗೇ ಮುಚ್ಚಿಬಿಟ್ಟೆ.

ಗಿರಾಕಿಗಳು ಮಾಡಿಸಿದ ಸ್ಮರಣ ಸಂಚಿಕೆಗಳ ಫೈಲ್ ನನ್ನ ಹತ್ತಿರ ಇವೆ. ಹಳೇ ಊರಿನ ಬಗ್ಗೆ ಒಳ್ಳೊಳ್ಳೆಯ ಲೇಖನ ಇವೆ. ಅವನ್ನು ಹಾಗೇ ಹಾಕಬಹುದಾ?

ಟಿಳಕವಾಡಿ, ಬೆಳಗಾವಿ

ಅಕ್ಕಾ, ಮೊದಲು ಖಾತೆ ವಿಷಯ ಹೇಳುತ್ತೇನೆ. ಮೊಬೈಲ್ ನಂಬರ್ ಕೇಳುವುದಿಲ್ಲ. ದುಡ್ಡೂ ಇಲ್ಲ. ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್ ಸಾಕು. ಹೆಸರು ಕನ್ನಡ ಅಕ್ಷರದಲ್ಲೇ ಇರಬಹುದು, ನಿಜ ಹೆಸರೇ ಆಗಬೇಕಿಲ್ಲ. ಆದರೆ ಅಂಗಡಿ ಹೆಸರು ಇಡಬೇಡಿ, ಪ್ರಚಾರಕ್ಕೆ ಬಂದವರು ಅಂದುಕೊಳ್ಳುತ್ತಾರೆ. ಇಮೇಲ್ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಟ್ಟಿರಿ ಅನ್ನುತ್ತೇನೆ ನಾನು, ಯಾಕೆಂದರೆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯಲು ಅದೊಂದೇ ದಾರಿ. ಒಮ್ಮೆ ಖಾತೆ ಮಾಡಿದರೆ ಮರಾಠಿ, ಇಂಗ್ಲಿಷ್ ವಿಕಿಪೀಡಿಯಕ್ಕೂ ಅದೇ ನಡೆಯುತ್ತದೆ. ನಾನಂತೂ ಕನ್ನಡ ಮರಾಠಿ ಎರಡರಲ್ಲೂ ಅದನ್ನೇ ಬಳಸುತ್ತೇನೆ.

ಅರಳಿಕಟ್ಟೆಯಲ್ಲಿ ಅಪ್ಪಣೆ ಕೇಳುವ ಅಗತ್ಯವೇ ಇಲ್ಲ. ನೇರ ಬರೆಯಿರಿ. ತಪ್ಪಿದ್ದರೆ ಯಾರಾದರೂ ತಿದ್ದುತ್ತಾರೆ.

ತೊರವಿ ಮಾಸ್ತರ್, ವಿಜಯಪುರ

ಬೆಳಗಾವಿಯವರು ಹೇಳಿದ್ದು ನಿಯಮದ ಪ್ರಕಾರ ಸರಿ. ಆದರೂ ಮೊದಲ ಸಲ ಬರೆಯುವವರು ಒಂದು ಮಾತು ಕೇಳಿ ಮುಂದುವರಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರಾತ್ರಿಯೆಲ್ಲ ಕೂತು ಬರೆದದ್ದನ್ನು ಬೆಳಿಗ್ಗೆ ಯಾರೋ ತೆಗೆದುಹಾಕಿದರೆ ಮನಸ್ಸು ಮುರಿಯುತ್ತದೆ. ಎಷ್ಟೋ ಜನ ಮತ್ತೆ ಆ ಕಡೆ ಬರುವುದೇ ಇಲ್ಲ. ನಮ್ಮ ಭಾಗದವರು ಬರೆಯುವುದೇ ಕಡಿಮೆ. ಬರುವವರನ್ನು ಉಳಿಸಿಕೊಳ್ಳಬೇಕು ತಂಗಿ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಅಕ್ಷರದ ಗೊಂದಲ ಮೊದಲು. ನೀವು ಬಳಸುವುದು ಹಳೇ ನುಡಿ ಫಾಂಟ್. ಅದರಲ್ಲಿ ಕಂಪ್ಯೂಟರ್ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳೇ. ಅವುಗಳ ಜಾಗದಲ್ಲಿ ಕನ್ನಡದ ಆಕಾರ ಕೂಡಿಸಿದ್ದಾರೆ. ಆ ಫಾಂಟ್ ಇಲ್ಲದ ಕಡೆ ಹೋದರೆ ಒಳಗಿರುವುದು ಹೊರಗೆ ಕಾಣುತ್ತದೆ. ಅದಕ್ಕೇ ‘ಕ’ ಹೋಗಿ ಪಿ ಬಂತು. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡ ಅದರಲ್ಲಿತ್ತು. ವಿಕಿಪೀಡಿಯಕ್ಕೆ ಯೂನಿಕೋಡೇ ಬೇಕು.

ನಿಮ್ಮ ಕೈ ಅಭ್ಯಾಸ ಬದಲಿಸಬೇಕಾಗಿಲ್ಲ. ವಿಕಿಪೀಡಿಯದ ಬರೆಯುವ ಜಾಗದಲ್ಲಿ ಕ್ಲಿಕ್ ಮಾಡಿದರೆ ಮೂಲೆಯಲ್ಲಿ ಕೀಬೋರ್ಡ್ ಚಿತ್ರ ಕಾಣುತ್ತದೆ. ಅಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಜೊತೆಗೆ ನುಡಿಯ ಕೀಲಿ ಜೋಡಣೆಯಾದ ಕಗಪ ವಿನ್ಯಾಸವೂ ಇದೆ. ಅದನ್ನು ಆರಿಸಿ. ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಕನ್ನಡ ಇಂಗ್ಲಿಷ್ ಅದಲುಬದಲಾಗುತ್ತದೆ.

ಹಳೇ ಫೈಲನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಬಹುದು. ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಆ ಸೌಲಭ್ಯ ಇದೆ. ಪರಿವರ್ತನೆ ಆದ ಮೇಲೆ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು ಇರುವ ಕಡೆ ಜಾಸ್ತಿ ಕೆಡುತ್ತದೆ: ವರ್ಷ, ಕಾರ್ಯ, ಮಾರ್ಗ ಇಂಥವನ್ನು ಒಂದೊಂದಾಗಿ ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂದುಕೊಂಡು ಏನೇನೋ ಮಾಡಿಬಿಡುತ್ತದೆ. ಕರಡು ತಿದ್ದುವುದು ನಿಮಗೆ ನಿತ್ಯದ ಕೆಲಸ ಅಲ್ವಾ, ಇದು ಭಾರವಾಗದು.

ಸ್ಮರಣ ಸಂಚಿಕೆಯ ಲೇಖನ ಹಾಗೇ ಹಾಕುವಂತಿಲ್ಲ. ಟೈಪ್ ಮಾಡಿದವರು ನೀವಾದರೂ ಬರಹದ ಹಕ್ಕು ಬರೆದವರದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ಗಿರಾಕಿ ನಿಮ್ಮನ್ನು ನಂಬಿ ಫೈಲ್ ಬಿಟ್ಟು ಹೋಗಿರುತ್ತಾರೆ, ಅದು ಬೇರೆ ಮಾತು. ಆದರೆ ಸಂಚಿಕೆ ಅಚ್ಚಾಗಿ ಹೊರಗೆ ಬಂದಿದ್ದರೆ ಅದನ್ನು ಆಧಾರವಾಗಿ ತೋರಿಸಬಹುದು: ಸಂಚಿಕೆಯ ಹೆಸರು, ವರ್ಷ, ಪುಟ. ವಾಕ್ಯ ಮಾತ್ರ ನಿಮ್ಮದೇ ಇರಲಿ.

ಹಳೇ ಊರಿನ ವಿವರಕ್ಕೆ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್ ನೋಡಿ. 1884ರಲ್ಲಿ ಬಂದ 23ನೇ ಸಂಪುಟ, ಬಿಜಾಪುರದ್ದು. 1997ರವರೆಗೆ ಬಾಗಲಕೋಟೆ ನಮ್ಮ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ನಿಮ್ಮೂರನ್ನು ಅದರಲ್ಲೇ ಹುಡುಕಬೇಕು. ಹಕ್ಕಿನ ಅವಧಿ ಮುಗಿದ ಪುಸ್ತಕ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನು ಅರಳಿಕಟ್ಟೆ. ಕೇಳುವ ಮೊದಲು ಅಲ್ಲಿರುವ ಹಳೇ ಮಾತುಕತೆ ಸ್ವಲ್ಪ ಓದಿ. ಆಮೇಲೆ ಹೊಸ ವಿಷಯ ಸೇರಿಸಿ. ತಲೆಬರಹದಲ್ಲಿ ‘ಸಹಾಯ ಬೇಕು’ ಅಂತ ಮಾತ್ರ ಹಾಕಿದರೆ ಯಾರೂ ತೆರೆದು ನೋಡುವುದಿಲ್ಲ. ‘ಬಾಗಲಕೋಟೆ ಹೋಳಿ: ಬೇರೆ ಲೇಖನ ಮಾಡಬೇಕೋ, ಊರಿನ ಲೇಖನದಲ್ಲೇ ಸೇರಿಸಬೇಕೋ?’ ಅಂತ ಹಾಕಿ. ಕೊನೆಯಲ್ಲಿ ನಾಲ್ಕು ಟಿಲ್ಡೆ ಒತ್ತಿ, ಅಂದರೆ ಎಸ್ಕೇಪ್ ಕೆಳಗಿನ ಕೀಲಿಯಲ್ಲಿರುವ ಅಲೆಯಂಥ ಗೀಟು. ನಿಮ್ಮ ಹೆಸರು, ಹೊತ್ತು ಎರಡೂ ತಾನೇ ಬೀಳುತ್ತವೆ. ಬೇರೆಯವರ ಮಾತಿನ ಕೆಳಗೆ ಉತ್ತರಿಸುವ ಕೊಂಡಿ ಒತ್ತಿ ಬರೆದರೆ ಅದೂ ಬೇಕಿಲ್ಲ.

ಉತ್ತರ ಕೂಡಲೇ ಬರದಿದ್ದರೆ ಬೇಜಾರಾಗಬೇಡಿ. ಅಲ್ಲಿರುವವರೆಲ್ಲ ಬಿಡುವಿನಲ್ಲಿ, ಸಂಬಳವಿಲ್ಲದೆ ಕೆಲಸ ಮಾಡುವವರು. ಅಲ್ಲಿಯವರೆಗೆ ನಿಮ್ಮ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡಲು ನಿಮ್ಮ ಖಾತೆಗೆ ಇರುವ ಪುಟದಲ್ಲಿ, ಬರೆಯುತ್ತಿರಿ.

ನವನಗರ ಡಿಟಿಪಿ, ಬಾಗಲಕೋಟೆ

ಮಾಸ್ತರ್, ಬಹಳ ಉಪಕಾರವಾಯಿತು. ಕಗಪ ವಿನ್ಯಾಸ ಹಾಕಿ ನೋಡಿದೆ, ಕೈ ತಾನಾಗೇ ಓಡಿತು. ಖಾತೆಯನ್ನೂ ತೆರೆದೆ.

ಒಂದು ಸಂಶಯ ಉಳಿದಿದೆ. ಹೋಳಿಯ ಹಾಡು, ಹಲಗೆಯ ಬೇರೆ ಬೇರೆ ನಡೆ, ಇವೆಲ್ಲ ನಮ್ಮ ಓಣಿಯ ಹಿರಿಯರ ಬಾಯಲ್ಲಿವೆ. ಯಾವ ಪುಸ್ತಕದಲ್ಲೂ ಇದ್ದಂತಿಲ್ಲ. ನಮ್ಮ ದೊಡ್ಡಪ್ಪ ಹೇಳಿದ್ದನ್ನು ನಾನು ಬರೆದರೆ ಅದಕ್ಕೆ ಬೆಲೆ ಇಲ್ವಾ? ಈಗ ಬರೆದಿಡದಿದ್ದರೆ ಇನ್ಯಾವಾಗ?

ತೊರವಿ ಮಾಸ್ತರ್, ವಿಜಯಪುರ

ಬೆಲೆ ಇದೆ ತಂಗಿ, ಬಹಳ ಇದೆ. ಆದರೆ ವಿಕಿಪೀಡಿಯದ ಲೇಖನ ಅದಕ್ಕೆ ಜಾಗ ಅಲ್ಲ. ಅಲ್ಲಿ ಈಗಾಗಲೇ ಎಲ್ಲಾದರೂ ಪ್ರಕಟವಾದದ್ದನ್ನು ಮಾತ್ರ ಬರೆಯಬಹುದು. ಓದುವವರು ಹುಡುಕಿ ಪರೀಕ್ಷಿಸಲು ಆಗಬೇಕಲ್ಲ. ದೊಡ್ಡಪ್ಪನವರ ಮಾತನ್ನು ನಿಮ್ಮ ಹೆಸರಲ್ಲಿ ಒಂದು ಪತ್ರಿಕೆಗೋ ಜಾನಪದದ ಸಂಚಿಕೆಗೋ ಬರೆದು ಕಳಿಸಿ. ಅಚ್ಚಾದ ಮೇಲೆ ಆಧಾರ ಸಿಕ್ಕಂತಾಯಿತು. ಆಗ ಅರಳಿಕಟ್ಟೆಯಲ್ಲಿ ‘ಈ ಲೇಖನ ಬರೆದವಳು ನಾನೇ’ ಅಂತ ತಿಳಿಸಿ, ಬೇರೆ ಯಾರಾದರೂ ನೋಡಿ ಸೇರಿಸಲಿ.

ಹಲಗೆಯ ನಡೆಯನ್ನು ಅಕ್ಷರದಲ್ಲಿ ಹಿಡಿಯಲಾಗದು. ರೆಕಾರ್ಡ್ ಮಾಡಿ. ಬಾರಿಸಿದವರ ಒಪ್ಪಿಗೆ ಪಡೆದು ವಿಕಿಪೀಡಿಯದ ಚಿತ್ರ, ಧ್ವನಿ ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ, ಓಜಿಜಿ ಅಥವಾ ವೇವ್ ಕಡತವಾಗಿ. ಇದಕ್ಕೆ ಪುಸ್ತಕದ ಆಧಾರ ಬೇಕಿಲ್ಲ. ಲೇಖನದಲ್ಲಿ ಅದನ್ನು ಕೇಳುವ ಹಾಗೆ ಜೋಡಿಸಬಹುದು.

ಕೆಂಪು ಸೆರಗು, ಇಳಕಲ್

ಎಲ್ಲವನ್ನೂ ಓದಿದೆ. ನಾನು ಫೋನ್‌ನಲ್ಲೇ ಬರೆಯುವವಳು, ಅಕ್ಕನಿಗೆ ಬೇಕಾಗಬಹುದು ಅಂತ ಹೇಳುತ್ತಿದ್ದೇನೆ. ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ನೇರ ಯೂನಿಕೋಡೇ ಬರುತ್ತದೆ. ಟಿಲ್ಡೆ ಚಿಹ್ನೆಗಳ ಎರಡನೇ ಪುಟದಲ್ಲಿರುತ್ತದೆ.

ಚಿತ್ರ ಹಾಕುವಾಗ ನೀವೇ ತೆಗೆದದ್ದು ಮಾತ್ರ ಹಾಕಿ. ವಾಟ್ಸಾಪ್‌ನಲ್ಲಿ ಬಂದ ಹೋಳಿ ಫೋಟೊ ಎಷ್ಟೇ ಚೆಂದ ಇದ್ದರೂ ಬೇಡ. ನಾನು ಏರಿಸುವುದು ಮಗ್ಗದ ಮನೆಯಲ್ಲಿ ನಾನೇ ತೆಗೆದ ಚಿತ್ರ: ಸೀರೆಯ ಸೆರಗಿನ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಒಡಲಿನ ಹಾಸಿನ ಜೊತೆ ಎಳೆ ಎಳೆಯಾಗಿ ಕೂಡಿಸುವ ಕೆಲಸ. ನಮ್ಮಲ್ಲಿ ಅದಕ್ಕೆ ತೋಪು ತೆನೆ ಅನ್ನುತ್ತಾರೆ. ಏರಿಸುವ ಮೊದಲು ನೇಕಾರರ ಮುಖ ಕಾಣುತ್ತಿದ್ದರೆ ಅವರನ್ನು ಕೇಳುತ್ತೇನೆ. ಹೋಳಿ ಗುಂಪಿನಲ್ಲಿ ಮಕ್ಕಳು, ಹೆಣ್ಣುಮಕ್ಕಳು ಇರುತ್ತಾರೆ, ನೀವೂ ನೋಡಿ ಹಾಕಿ. ವಿಕಿಮೀಡಿಯ ಕಾಮನ್ಸ್ ಒಪ್ಪುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಒಮ್ಮೆ ಕೊಟ್ಟ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಆಮೇಲೆ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಇನ್ನೊಂದು ಮಾತು ಅಕ್ಕಾ. ಅರಳಿಕಟ್ಟೆಯಲ್ಲಿ ಯಾರಾದರೂ ಪ್ರೀತಿಯಿಂದ ‘ಫೋನ್ ಮಾಡಿ ಮಾತಾಡೋಣ’ ಅಂದರೂ ನಂಬರ್ ಅಲ್ಲೇ ಬರೆಯಬೇಡಿ. ನೀವು ಅಳಿಸಿದರೂ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ. ತೆಗೆಸಬೇಕಾದರೆ ನಿರ್ವಾಹಕರನ್ನೇ ಕೇಳಬೇಕು. ಇಮೇಲ್ ಕೊಟ್ಟು ಖಾತೆ ತೆರೆದಿದ್ದರೆ ಬಳಕೆದಾರ ಪುಟದಿಂದಲೇ ಒಬ್ಬರಿಗೊಬ್ಬರು ಪತ್ರ ಕಳಿಸಬಹುದು. ಆದರೆ ನೀವು ಕಳಿಸಿದ ಪತ್ರದಲ್ಲಿ ನಿಮ್ಮ ಇಮೇಲ್ ವಿಳಾಸ ಅವರಿಗೆ ಕಾಣುತ್ತದೆ, ಅಂಗಡಿಯದ್ದು ಬಿಟ್ಟು ಬೇರೆಯದೊಂದನ್ನು ಮಾಡಿಕೊಳ್ಳಿ.